ಸುಲಭದ ದಾರಿ ಅಂತ ಬೇಗ ಮುಗಿಸಬೇಡಿ

‘ಓಕ್ ಕಾಡಿನ ಈ ದಾರಿ ತುಂಬಾ ಸುಲಭ, ಅರ್ಧ ಗಂಟೆಯಲ್ಲಿ ಮುಗಿಸಬಹುದು’ ಎಂದು ಬರೆದಿದ್ದೀರಿ. ಸುಲಭ ಅನ್ನೋದನ್ನು ಒಪ್ಪುತ್ತೇನೆ. ಆದರೆ ಮುಗಿಸುವ ಅವಸರ ಯಾಕೆ? ಏರು ಇಲ್ಲದ ದಾರಿಯಲ್ಲಿ ಏದುಸಿರು ಬರುವುದಿಲ್ಲ. ನಿಂತು ನೋಡೋಕೆ ಅದೇ ಅನುಕೂಲ ಅಲ್ವಾ?

ಕೈಗೆಟುಕುವ ಕೊಂಬೆಯ ಎಲೆಗಳನ್ನು ಸ್ವಲ್ಪ ತಿರುಗಿಸಿ ನೋಡಿ. ಕೆಲವು ಎಲೆಗಳ ಅಡಿಯಲ್ಲಿ ಉರುಟಾದ ಗಂಟುಗಳು ಅಂಟಿಕೊಂಡಿರುತ್ತವೆ. ಅವು ಕಾಯಿಗಳಲ್ಲ. ಪುಟ್ಟ ಕಣಜವೊಂದು ಅಲ್ಲಿ ಮೊಟ್ಟೆ ಇಟ್ಟಿರುತ್ತದೆ, ಒಳಗೆ ಬೆಳೆಯುವ ಮರಿಹುಳುವಿನ ಸುತ್ತ ಮರವೇ ಆ ಗಂಟನ್ನು ಬೆಳೆಸುತ್ತದೆ. ಗಂಟಿನಲ್ಲಿ ಸಣ್ಣ ತೂತು ಕಂಡರೆ ಕಣಜ ಕೊರೆದುಕೊಂಡು ಹೊರಗೆ ಹೋಗಿದೆ ಅಂತ ಅರ್ಥ. ಓಕ್ ಗಂಟುಗಳಿಂದಲೇ ಯುರೋಪಿನಲ್ಲಿ ನೂರಾರು ವರ್ಷ ಶಾಯಿ ತಯಾರಿಸುತ್ತಿದ್ದರು. ಇದನ್ನೆಲ್ಲ ಮಕ್ಕಳಿಗೆ ತೋರಿಸಿದರೆ ಅರ್ಧ ಗಂಟೆ ಒಂದೇ ಮರದ ಹತ್ತಿರ ಕಳೆಯುತ್ತದೆ!

ಬಿದ್ದ ಮರಗಳನ್ನೆಲ್ಲ ತೆಗೆದು ಚೊಕ್ಕ ಮಾಡಬೇಕು ಎಂಬ ನಿಮ್ಮ ಸಲಹೆಯನ್ನಂತೂ ಒಪ್ಪಲಾರೆ. ದಾರಿಗೆ ಅಡ್ಡ ಬಿದ್ದದ್ದನ್ನು ಸರಿಸಲಿ, ಸಾಕು. ಪಕ್ಕದಲ್ಲಿ ಕೊಳೆಯುವುದನ್ನು ಹಾಗೇ ಬಿಡಲಿ. ಸ್ಟ್ಯಾಗ್ ಬೀಟಲ್ ಎಂಬ ದೊಡ್ಡ ಜೀರುಂಡೆಯ ಮರಿಹುಳುಗಳು ಕೊಳೆತ ಮರವನ್ನೇ ತಿಂದು ವರ್ಷಗಟ್ಟಲೆ ಬೆಳೆಯುತ್ತವೆ. ಅದನ್ನೂ ಸಾಗಿಸಿಬಿಟ್ಟರೆ ಅವು ಎಲ್ಲಿಗೆ ಹೋಗಬೇಕು?