ಲಿಲಾವಿನಲ್ಲಿ ಉಳಿದ ತೋಪು

ಯುದ್ಧದ ನೆನಪನ್ನು ಉಳಿಸಿದ್ದು ಅಭಿಮಾನ ಎಂದು ಭಾಷಣಗಳಲ್ಲಿ ಹೇಳುವುದುಂಟು. ವಿಜಯಪುರದ ಮುಲ್ಕ ಮೈದಾನ ಎಂಬ ಕಂಚಿನ ತೋಪಿನ ಮಟ್ಟಿಗೆ ಆ ಪುಣ್ಯ ಅದರ ತೂಕಕ್ಕೂ ಸಲ್ಲಬೇಕು. ಸುಮಾರು 55 ಟನ್! ಕಂಚೆಂದರೆ ಯಾವ ಕಾಲಕ್ಕೂ ಮರಳಿ ಕರಗುವ ಸರಕು. ಎಷ್ಟು ಸಣ್ಣ ತೋಪುಗಳು ಯಾರ ಮನೆಯ ಗಂಗಾಳವಾಗಿ ಹೋದವೋ! ಇದನ್ನೂ 1854ರಲ್ಲಿ ಲಿಲಾವಿಗಿಟ್ಟರು. ಬಂದ ಸವಾಲು ಬರೀ 150 ರೂಪಾಯಿ. ಅಷ್ಟಕ್ಕೆ ಕೊಡಲು ಮನಸ್ಸಾಗದೆ ಮಾರಾಟ ರದ್ದಾಯಿತು. ಮೋಡಕಾ (ಗುಜರಿ) ವ್ಯಾಪಾರಿಗಳ ಜಿಪುಣತನಕ್ಕೆ ಇತಿಹಾಸ ಋಣಿ.

ಅಹ್ಮದನಗರದಲ್ಲಿ 1549ರಲ್ಲಿ ಇದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. 1565ರ ರಕ್ಕಸತಂಗಡಿ ಯುದ್ಧದಲ್ಲಿ ಇದು ಗುಡುಗಿತ್ತೆಂಬುದು ಪ್ರತೀತಿ. ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಬಂದದ್ದು 1632ರಲ್ಲಿ. 1686ರಲ್ಲಿ ಊರು ಗೆದ್ದ ಔರಂಗಜೇಬ ತನ್ನ ವಿಜಯವನ್ನೂ ಇದರ ಮೈಮೇಲೆಯೇ ಬರೆಸಿದ. ಕಡ ತಂದ ಪಾತ್ರೆಗೆ ತನ್ನ ಹೆಸರು ಹಾಕಿಸಿಕೊಂಡಂತೆ.

ಇದರ ಕಂಚಿನಲ್ಲಿ ಎಂಬತ್ತು ಪಾಲು ತಾಮ್ರಕ್ಕೆ ಇಪ್ಪತ್ತು ಪಾಲು ತವರ: ಇದು ತೋಪಿಗಿಂತ ಗಂಟೆಗೆ ಒಪ್ಪುವ ಹದ. ತೋಪಿಗೆ ಸಾಮಾನ್ಯವಾಗಿ ಹತ್ತು ಪಾಲು ತವರ ಸಾಕು. ತವರ ಹೆಚ್ಚಿದಷ್ಟೂ ನಾದ ಹೆಚ್ಚು, ಜೊತೆಗೆ ಪೆಡಸುತನವೂ. ಬೆರಳ ಗೆಣ್ಣಿನಿಂದ ತಟ್ಟಿದರೆ ದನಿ ಬರುತ್ತದೆ. ಕಲ್ಲಿನಿಂದ ಬಡಿದರೆ ಚಕ್ಕೆ ಏಳಬಹುದು. ಕೇಳಿಸಿಕೊಳ್ಳುವ ಉಮೇದು ಇರುವವರಿಗೆ ಗೆಣ್ಣೇ ಸಾಕು.

ಕೈಯಿಟ್ಟು ಬೇಡಿಕೊಂಡರೆ ಬಯಕೆ ಈಡೇರುತ್ತದೆಂಬ ನಂಬಿಕೆ ಬೇರೆ. ಯುದ್ಧಕ್ಕೆಂದು ಹುಟ್ಟಿದ್ದಕ್ಕೆ ಈಗ ವರ ಕೊಡುವ ಉದ್ಯೋಗ! ಆದರೆ ಬೆವರಿನ ಉಪ್ಪು ಅಕ್ಷರದ ಸಂದಿಯಲ್ಲಿ ಕೂತು, ಮಳೆಗಾಲದ ತೇವ ಸೇರಿದರೆ ತಿಳಿಹಸಿರು ಪುಡಿ ಏಳುತ್ತದೆ. ಅದು ಲೋಹವನ್ನು ಒಳಗೊಳಗೇ ತಿನ್ನುವ ರೋಗ. ಗಟ್ಟಿಯಾಗಿ ಅಂಟಿಕೊಂಡ ಕಂದುಹಸಿರು ಪೊರೆ ಹಾಗಲ್ಲ, ಅದು ಕಾಯುವ ಪೊರೆ. ಹೊಳಪು ಬರಲೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ಆ ಪೊರೆ ಹೋಗಿ ಹೊಸ ಲೋಹ ಬಯಲಾಗುತ್ತದೆ, ಪ್ರತಿ ತಿಕ್ಕಿಗೂ ಅಕ್ಷರ ಸವೆಯುತ್ತದೆ. ಮೆತ್ತನೆ ಕುಂಚದಿಂದ ಧೂಳು ಝಾಡಿಸಿದರೆ ಬೇಕಾದಷ್ಟಾಯಿತು.

ಅದೇ ಊರಿನ ಉಪ್ಪಲಿ ಬುರುಜಿನ ಮೇಲೆ ಮಲಗಿರುವ ಲಂಬಾ ಛರಿ ಎಂಬ ತೋಪಿನ ಪಾಡು ಬೇರೆ. ಸುಮಾರು ಮೂವತ್ತು ಅಡಿ ಉದ್ದದ ಅದು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ಬಿಗಿದು ಮಾಡಿದ್ದು. ಬಳೆ ಬಳೆಯ ನಡುವಿನ ಸಂದಿಯಲ್ಲಿ ನೀರು ನಿಂತರೆ ತುಕ್ಕು ಉಬ್ಬಿ ಪದರು ಪದರಾಗಿ ಬಿಡಿಸುತ್ತದೆ. ಎಂಬತ್ತು ಅಡಿ ಎತ್ತರ ಹತ್ತಿದವರು ಸುತ್ತಲಿನ ಊರಿನ ಫೋಟೋ ತೆಗೆದಾದ ಮೇಲೆ, ಆ ಸಂದಿಗಳತ್ತಲೂ ಒಮ್ಮೆ ಬಗ್ಗಿ ನೋಡಬಹುದು.