ಬಿಲ್ ಕಳಿಸದ ಹದ್ದುಗಳು

ಕಳೆದ ಚಳಿಗಾಲದ ಒಂದು ಭಾನುವಾರ, ಮೊಟ್ಟೆ ತರಲು ಹೋದವನು ಮುಖ ಸಣ್ಣದು ಮಾಡಿಕೊಂಡು ಬಂದೆ.

ನಾವಿರುವುದು ಇಂಗ್ಲೆಂಡಿನ ಕೆನಿಲ್ವರ್ತ್‌ನಲ್ಲಿ. ಊರು ದಾಟಿದರೆ ಹೊಲ, ಬೇಲಿ, ಕುರಿ. ನಾವು ಮೊಟ್ಟೆ ಕೊಳ್ಳುವ ಫಾರಂನ ಗೇಟಿನ ಬಳಿ ಟಾರ್ಪಾಲಿನ ಕೆಳಗೆ ಸತ್ತ ಹಸು ಮಲಗಿತ್ತು. ಒಯ್ಯುವ ಲಾರಿಗೆ ರೈತ ಕಾಯುತ್ತಿದ್ದ. ದೂರದ ಕೆಲವು ಜಾಗ ಬಿಟ್ಟರೆ ಇಲ್ಲಿ 2003ರಿಂದ ಸತ್ತ ದನವನ್ನು ಹೊಲದಲ್ಲಿ ಹೂಳುವ ಹಾಗಿಲ್ಲ. ಪರವಾನಗಿ ಇರುವವರೇ ಬಂದು ಒಯ್ಯಬೇಕು, ಬಿಲ್ಲು ರೈತನಿಗೆ. ಬದುಕಿದ್ದಾಗಲೂ ಖರ್ಚು, ಸತ್ತ ಮೇಲೂ ಖರ್ಚು ಅಂತ ಅವನು ಗೊಣಗುತ್ತಿದ್ದ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಮ್ಮ ಕಡೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಊರಾಚೆ ಹಾಕಿದರೆ ರಣಹದ್ದು ಬಂದು ಮುಗಿಸುತ್ತವೆ" ಅಂದೆ, ಏನೋ ನಾನೇ ಹದ್ದು ಸಾಕಿದವನ ಹಾಗೆ.

ಅವನ ಹೆಂಡತಿ ಮೊಟ್ಟೆ ಜೋಡಿಸುತ್ತಾ ತಲೆಯೆತ್ತಿದಳು. "ಆ ಹದ್ದುಗಳು ಸತ್ತುಹೋದವಲ್ಲ? ಅದರಿಂದ ಐದು ಲಕ್ಷ ಜನ ಸತ್ತರು ಅಂತ ಪೇಪರಿನಲ್ಲಿ ಓದಿದೆ."

ಮನೆಗೆ ಬಂದು ಹುಡುಕಿದೆ. ಅವಳು ಹೇಳಿದ್ದು ನಿಜ. 2024ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಎಂಬ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಬಂದ ಅಧ್ಯಯನ, ಇಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಅವರದ್ದು. ಸುದರ್ಶನ್ ಆಗ ವಾರಿಕ್ ವಿಶ್ವವಿದ್ಯಾಲಯದಲ್ಲಿದ್ದವರು, ಅಂದರೆ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರ. ಮಾಗಡಿ ಸೀಮೆಯಲ್ಲಿ ಹುಟ್ಟಿದ ನನಗೆ ನಮ್ಮ ಹದ್ದಿನ ಸುದ್ದಿ ಮುಟ್ಟಿಸಲು ಮೊಟ್ಟೆ ಮಾರುವ ಹೆಂಗಸು ಬೇಕಾಯಿತು.

ಅವರು ಮಾಡಿದ ಲೆಕ್ಕ ಸರಳವಾಗಿದೆ. ಹದ್ದಿಗೆ ಒಗ್ಗುವ ಜಿಲ್ಲೆಗಳು ಒಂದು ಕಡೆ, ಒಗ್ಗದವು ಇನ್ನೊಂದು ಕಡೆ. ತೊಂಬತ್ತರ ದಶಕದ ನಡುವಿನವರೆಗೆ ಎರಡೂ ಕಡೆಯ ಸಾವಿನ ಪ್ರಮಾಣ ಜೊತೆಜೊತೆಯಾಗಿ ಸಾಗುತ್ತದೆ. ಹದ್ದುಗಳು ಇಲ್ಲವಾಗತೊಡಗಿದ ಮೇಲೆ ಅವು ಇದ್ದ ಕಡೆ ಜನ ಹೆಚ್ಚು ಸಾಯತೊಡಗುತ್ತಾರೆ, ಶೇಕಡಾ ನಾಲ್ಕಕ್ಕೂ ಮೀರಿ. 2000ದಿಂದ 2005ರ ಅವಧಿಗೇ ಸುಮಾರು ಐದು ಲಕ್ಷ ಹೆಚ್ಚುವರಿ ಸಾವು. ತಿನ್ನುವ ಹದ್ದಿಲ್ಲದೆ ದನದ ಹೆಣ ಕೊಳೆತು ನೀರು ಕೆಟ್ಟಿತು, ನಾಯಿಗಳು ಹೆಚ್ಚಿದವು, ರೇಬಿಸ್ ಲಸಿಕೆಯ ಮಾರಾಟ ಏರಿತು.

ಕಾರಣ ಡೈಕ್ಲೊಫೆನಾಕ್, ಮಂಡಿ ನೋವಿಗೆ ನಮ್ಮಮ್ಮ ನುಂಗುತ್ತಿದ್ದ ಅದೇ ಔಷಧ. ಅದು ಅಗ್ಗವಾದ ಮೇಲೆ ದನಗಳಿಗೂ ಇಂಜೆಕ್ಷನ್ನಾಗಿ ಇಳಿಯಿತು. ಚುಚ್ಚಿಸಿಕೊಂಡ ದನ ಎರಡು ದಿನದಲ್ಲಿ ಸತ್ತರೆ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಒಳಗೆಲ್ಲ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲ ಕಟ್ಟಿಕೊಳ್ಳುತ್ತದೆ. 2004ರಲ್ಲಿ ಪಾಕಿಸ್ತಾನದ ಹದ್ದುಗಳನ್ನು ಕೊಯ್ದು ನೋಡಿ ಇದನ್ನು ಪತ್ತೆ ಮಾಡಿದರು. ದನದ ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಔಷಧ ಉಳಿದಿದ್ದರೂ ಇಡೀ ಸಂತತಿ ಕುಸಿಯಲು ಸಾಕಂತೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು, ಎಷ್ಟು ಅಂತ ತುಂಬಿಕೊಟ್ಟೀತು? ಬಿಳಿ ಬೆನ್ನಿನ ರಣಹದ್ದು ಹದಿನೈದು ವರ್ಷದಲ್ಲಿ ಸಾವಿರಕ್ಕೆ ಒಂದರಷ್ಟು ಉಳಿಯಿತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಗೋಮಾಳದ ಆಚೆ ಹಳ್ಳದ ದಿಣ್ಣೆಗೆ ಸತ್ತ ದನ ಎಳೆದು ಹಾಕುತ್ತಿದ್ದರು. ಚರ್ಮ ಸುಲಿಯುವವರು ಸುಲಿದು ಹೋದ ಮೇಲೆ ಆಕಾಶದಲ್ಲಿ ಒಂದು ಚುಕ್ಕೆ, ನೋಡುತ್ತಿದ್ದಂತೆ ಹತ್ತು, ಮೂವತ್ತು. ಬೆಳಿಗ್ಗೆ ಮೂಗು ಮುಚ್ಚಿಕೊಂಡು ಹೋದವರು ಸಂಜೆ ಬರುವಾಗ ಪಕ್ಕೆಲುಬು ಎಣಿಸುತ್ತಿದ್ದೆವು. ಆ ಹಕ್ಕಿಗೆ ನಾವು ಕೊಟ್ಟದ್ದೇನು? ಬೈಗುಳದಲ್ಲಿ ಜಾಗ. ಬಡ್ಡಿ ವ್ಯಾಪಾರಿ ರಣಹದ್ದು, ಲಂಚಕೋರ ರಣಹದ್ದು. ಶ್ರಾವಣದಲ್ಲಿ ಹರಿಕಥೆ ಕೇಳುತ್ತಾ ಜಟಾಯುವಿಗೆ ಕಣ್ಣೀರು ಸುರಿಸಿದವರೇ, ಮನೆ ಮೇಲೆ ಹದ್ದು ಕೂತರೆ ಶಾಂತಿ ಮಾಡಿಸುತ್ತಿದ್ದೆವು. ಚರ್ಮ ಸುಲಿದವರನ್ನೂ ಊರಾಚೆಗೇ ಇಟ್ಟಿದ್ದೆವು ಅನ್ನುವುದನ್ನು ನಾನು ಆ ರೈತನಿಗೆ ಹೇಳಲಿಲ್ಲ.

ಇಲ್ಲಿಯವರಿಗೆ ಬಿಲ್ಲು ಬರುತ್ತದೆ, ಹಾಗಾಗಿ ಲೆಕ್ಕ ಇಡುತ್ತಾರೆ. ಒಂದು ಕುರಿ ಸತ್ತರೂ ಎಷ್ಟು ಪೌಂಡು ಅಂತ ಅವನಿಗೆ ಗೊತ್ತು. ಹದ್ದು ರಸೀದಿ ಕೊಡಲಿಲ್ಲ. ಅವು ಮಾಡುತ್ತಿದ್ದ ಕೆಲಸದ ಬೆಲೆ ನಮಗೆ ಗೊತ್ತಾದದ್ದು ಅವು ಹೋಗಿ ಇಷ್ಟು ವರ್ಷವಾದ ಮೇಲೆ. ಜನರ ಸಾವನ್ನು ಹಣಕ್ಕೆ ಪರಿವರ್ತಿಸಿ ವರ್ಷಕ್ಕೆ 6,900 ಕೋಟಿ ಡಾಲರ್ ನಷ್ಟ ಅಂತ ಆ ಅಧ್ಯಯನ ಹೇಳುತ್ತದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಹದ್ದು ಸತ್ತರೆ ಮನುಷ್ಯರು ಯಾಕೋ ಸಾಯ್ತಾರೆ? ಊಟ ಆಯ್ತಾ?" ಅಂದಳು.

ಇಷ್ಟು ಬೈದ ಮೇಲೆ ಹೇಳಲೇಬೇಕಾದ್ದು ಒಂದೆರಡಿದೆ, ಮನಸ್ಸಿಲ್ಲದಿದ್ದರೂ. ಇಲ್ಲಿಯ ಈ ಅಚ್ಚುಕಟ್ಟು ಬುದ್ಧಿವಂತಿಕೆಯಿಂದ ಬಂದದ್ದಲ್ಲ. ಸತ್ತ ದನದ ಮಾಂಸ, ಮೂಳೆ ಪುಡಿ ಮಾಡಿ ದನಕ್ಕೇ ತಿನ್ನಿಸಿ, ಹುಚ್ಚು ಹಸು ರೋಗ ಬರಿಸಿಕೊಂಡು, ನೂರೆಪ್ಪತ್ತಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ ಕಟ್ಟುನಿಟ್ಟು ಬಂತು. ನಮ್ಮವರು 2006ರಲ್ಲೇ ದನಗಳಿಗೆ ಡೈಕ್ಲೊಫೆನಾಕ್ ನಿಷೇಧಿಸಿದರು. ಯುರೋಪಿನ ಹದ್ದುಗಳಲ್ಲಿ ಬಹುಪಾಲು ಇರುವ ಸ್ಪೇನ್, ನಮ್ಮ ಕಥೆ ಗೊತ್ತಿದ್ದೂ 2013ರಲ್ಲಿ ಅದೇ ಔಷಧಕ್ಕೆ ಅನುಮತಿ ಕೊಟ್ಟಿತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗೆಂದೇ ಧಾಮ ಮಾಡಿದವರೂ ನಮ್ಮವರೇ. ಊರಿಗೆ ಹೋದಾಗಲೆಲ್ಲ ಆ ರಸ್ತೆಯಲ್ಲೇ ಹೋಗುತ್ತೇನೆ, ಒಮ್ಮೆಯೂ ಕಾರು ನಿಲ್ಲಿಸಿ ಬಂಡೆ ಕಡೆ ತಲೆಯೆತ್ತಿಲ್ಲ. ತಟ್ಟೆ ಇಡ್ಲಿಗೆ ಮಾತ್ರ ನಿಲ್ಲಿಸಿದ್ದೇನೆ.

ಮೊನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿದಾಗ, ಹಸು ಸತ್ತರೆ ಈಗ ಏನು ಮಾಡ್ತೀರ ಅಂತ ಕೇಳಿದೆ.

"ಜೆಸಿಬಿ ಕರೆಸಿ ಗುಂಡಿ ತೋಡಿಸ್ತೀವಿ ಕಣಪ್ಪ. ಗಂಟೆಗೆ ಸಾವಿರದಿನ್ನೂರು ಕೇಳ್ತಾನೆ. ಬದುಕಿದ್ದಾಗಲೂ ಖರ್ಚು, ಸತ್ತ ಮೇಲೂ ಖರ್ಚು."