ಬದನೆಕಾಯಿ ಪಾರ್ಮಿಜಾನಾ: ಎಣ್ಣೆ ಬೇಕಾದರೆ ಕಡಿಮೆ ಮಾಡಿ, ಮರುದಿನದವರೆಗೆ ಕಾಯೋದನ್ನು ಬಿಡಬೇಡಿ

ಬದನೆ, ಟೊಮೆಟೊ ಸಾಸ್, ಚೀಸ್ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುವ ತಿನಿಸು ಬದನೆಕಾಯಿ ಪಾರ್ಮಿಜಾನಾ. ಇಟಲಿಯಲ್ಲಿ ಇದರ ವಿಷಯ ಎತ್ತಿದರೆ ಸಾಕು, ಜಗಳ ಶುರು. ಹೋಳನ್ನು ಕರಿಯಬೇಕೋ, ಗ್ರಿಲ್ ಮಾಡಬೇಕೋ? ಹಿಟ್ಟು, ಮೊಟ್ಟೆಯಲ್ಲಿ ಅದ್ದಬೇಕೋ, ಹಾಗೇ ಎಣ್ಣೆಗೆ ಬಿಡಬೇಕೋ? ನಾನಿರುವ ಟ್ಯೂರಿನ್‌ನಲ್ಲಿ ಈ ಜಗಳ ಇನ್ನೂ ಜೋರು. ಇದು ಉತ್ತರದ ಊರೇ, ಆದರೆ 1950-60ರ ದಶಕಗಳಲ್ಲಿ ಫಿಯಟ್ ಕಾರ್ಖಾನೆ ಕೆಲಸಕ್ಕೆ ಅಂತ ದಕ್ಷಿಣದಿಂದ ರೈಲು ಹತ್ತಿ ಬಂದು ಇಲ್ಲೇ ನೆಲೆಸಿದವರು ತುಂಬಾ ಜನ. ಪುಲಿಯಾದವರು, ಸಿಸಿಲಿಯವರು, ಕಲಾಬ್ರಿಯಾದವರು, ನೇಪಲ್ಸ್ ಕಡೆಯವರು, ಎಲ್ಲರೂ ಅವರವರ ಪಾರ್ಮಿಜಾನಾ ಜೊತೆಗೇ ತಂದವರು. ಅವರೂ ಒಂಥರಾ ಹೊರನಾಡಿನವರೇ ಅಲ್ವಾ. ಊರಿನ ಅಡುಗೆ ಅಂದರೆ ಅವರು ಹಿಡಿಯುವ ಹಟ ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ಕಟ್ಟಡದಲ್ಲಿ ದಕ್ಷಿಣದ ಸಲೆರ್ನೊ ಕಡೆಯ ಅಜ್ಜಿ ಒಬ್ಬರಿದ್ದಾರೆ. ಅವರು ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬದನೆಯನ್ನು ಉದ್ದುದ್ದಕ್ಕೆ ತೆಳ್ಳಗೆ ಕೊಯ್ದು, ಉಪ್ಪು ಸವರಿ, ತೂತಿನ ಪಾತ್ರೆಯಲ್ಲಿ ಒಂದರ ಮೇಲೊಂದು ಇಟ್ಟು, ಮೇಲೆ ಭಾರ ಹೇರುತ್ತಾರೆ. ಕಹಿ ಹೋಗಲಿ ಅಂತ ಹಿಂದಿನವರು ಮಾಡುತ್ತಿದ್ದರು. ಈಗಿನ ತಳಿಗಳಲ್ಲಿ ಕಹಿ ಅಷ್ಟಿಲ್ಲ, ಆದರೆ ಉಪ್ಪು ನೀರನ್ನು ಎಳೆದಾಗ ಬದನೆಯ ಒಳಗಿನ ಗಾಳಿಗೂಡುಗಳು ಕುಸಿಯುತ್ತವೆ, ಹಾಗಾಗಿ ಎಣ್ಣೆ ಕುಡಿಯುವುದು ಕಡಿಮೆ. ಕಂದು ನೀರು ತೊಟ್ಟಿಕ್ಕಿ ನಿಂತ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಎಣ್ಣೆ ತಣ್ಣಗಾಗಬಾರದು ಅಂತ ಒಂದು ಸಲಕ್ಕೆ ನಾಲ್ಕೈದೇ ಹೋಳು ಹಾಕಿ ಕರಿಯುತ್ತಾರೆ. ಸಾಸ್ ಅಂದರೆ ಟೊಮೆಟೊ, ತುಳಸಿ ಜಾತಿಯ ಬೆಸಿಲ್ ಎಲೆ, ಅಷ್ಟೇ. ಚೀಸ್ ಫಿಯೊರ್ ದಿ ಲಾತ್ತೆ, ಅಂದರೆ ಹಸುವಿನ ಹಾಲಿನ ಮೊಜರೆಲ್ಲಾ. ಅದನ್ನು ಹಿಂದಿನ ರಾತ್ರಿಯೇ ಹೆಚ್ಚಿ ನೀರು ಬಸಿಯಲು ಇಟ್ಟಿರುತ್ತಾರೆ. ಇಲ್ಲದಿದ್ದರೆ ತಟ್ಟೆ ತುಂಬಾ ನೀರು.

ಒಂದು ಪದರ ಬದನೆ, ಸ್ವಲ್ಪ ಸಾಸ್, ಚೀಸ್, ತುರಿದ ಪಾರ್ಮಿಜಾನೊ ಗಟ್ಟಿ ಚೀಸ್, ಕೈಯಲ್ಲಿ ಹರಿದ ಬೆಸಿಲ್, ಮತ್ತೆ ಬದನೆ. ಓವನ್‌ನಿಂದ ತೆಗೆದ ಮೇಲೆ ಬಟ್ಟೆ ಮುಚ್ಚಿ ಇಡುತ್ತಾರೆ. ಯಾರೂ ಮುಟ್ಟುವ ಹಾಗಿಲ್ಲ. ಸಂಜೆ ಮಾಡಿದ್ದು ಮರುದಿನ ಮಧ್ಯಾಹ್ನದ ಊಟಕ್ಕೆ.

ನನ್ನ ಪ್ರಕಾರ ಇಡೀ ತಿನಿಸಿನ ಗುಟ್ಟು ಇರುವುದು ಈ ಕಾಯುವಿಕೆಯಲ್ಲಿ. ನಮ್ಮ ಹುಳಿ ಮರುದಿನ ಜಾಸ್ತಿ ರುಚಿ ಆಗುತ್ತದಲ್ಲ, ಹಾಗೇ. ಕರಿದ ಬದನೆ ನಿಧಾನವಾಗಿ ಸಾಸ್ ಹೀರಿಕೊಳ್ಳುತ್ತದೆ, ಕರಗಿದ ಚೀಸ್ ಮತ್ತೆ ಗಟ್ಟಿಯಾಗಿ ಪದರಗಳನ್ನು ಹಿಡಿದುಕೊಳ್ಳುತ್ತದೆ. ಚಾಕು ಹಾಕಿದರೆ ಚೌಕಾಕಾರದ ತುಂಡು ನೇರ ನಿಲ್ಲಬೇಕು, ಬದಿಯಲ್ಲಿ ಪದರಗಳು ಎಣಿಸುವ ಹಾಗೆ ಕಾಣಬೇಕು. ಆಗಸ್ಟ್ 15ರ ಫೆರಾಗೊಸ್ತೊ ರಜೆಗೆ ದಕ್ಷಿಣದ ಜನ ಇದನ್ನು ಡಬ್ಬಿಯಲ್ಲಿ ಹಾಕಿಕೊಂಡು ಸಮುದ್ರದಂಡೆಗೆ ಹೋಗುವುದೂ ಇದಕ್ಕೇ. ಬಿಸಿ ಇಲ್ಲದಿದ್ದರೂ ಚೆನ್ನ, ಬಿಸಿ ಇಲ್ಲದಿದ್ದರೇ ಚೆನ್ನ.

ಈಗಿನ ಕ್ರಮಗಳಿಗೆ ಬರೋಣ. ಗ್ರಿಲ್ ಮಾಡಿದ 'ಲೈಟ್' ಪಾರ್ಮಿಜಾನಾ ಎಲ್ಲ ಕಡೆ ಇದೆ. ಒಣ ಹಂಚಿನ ಮೇಲೆ ಸುಟ್ಟ ಹೋಳು ನಾರುನಾರಾಗಿ ಸಾಸ್‌ನಲ್ಲಿ ಬೇರೆಯೇ ಉಳಿದುಬಿಡುತ್ತದೆ, ನನಗೆ ಹಿಡಿಸುವುದಿಲ್ಲ. ಅದೇ ಹೋಳಿಗೆ ಎಣ್ಣೆ ಸವರಿ ಓವನ್‌ನಲ್ಲಿ ಕೆಂಪಗೆ ಬೇಯಿಸಿದರೆ ತಕರಾರಿಲ್ಲ. ಕರಿದಷ್ಟು ಆಗದು, ಆದರೆ ಒಂದು ರಾತ್ರಿ ಇಟ್ಟರೆ ಮೆತ್ತಗಾಗಿ ಕೂಡಿಕೊಳ್ಳುತ್ತದೆ. ಎಣ್ಣೆ ತಿನ್ನಬಾರದು ಅಂತ ಡಾಕ್ಟರ್ ಹೇಳಿದವರು ಸುಮ್ನೆ ಆಸೆಪಟ್ಟು ಕೂರುವುದಕ್ಕಿಂತ ಇದು ಎಷ್ಟೋ ವಾಸಿ. ನನಗೆ ನಿಜವಾಗಿ ಬೇಜಾರಾಗುವುದು 'ಸ್ಕೊಂಪೋಸ್ತಾ', ಅಂದರೆ ಬಿಡಿಬಿಡಿಯಾಗಿ ಬೇರ್ಪಡಿಸಿದ್ದು, ಅಂತ ದೊಡ್ಡ ಹೋಟೆಲ್‌ಗಳಲ್ಲಿ ಕೊಡುವುದನ್ನು ಕಂಡಾಗ. ಗಾಜಿನ ಲೋಟದಲ್ಲಿ ಒಂದು ಕಡೆ ಬದನೆಯ ತುಂಡು, ಇನ್ನೊಂದು ಕಡೆ ಚೀಸ್ ನೊರೆ, ಮೇಲೊಂದು ಗರಿಗರಿ ಎಲೆ. ಸಾಮಾನೆಲ್ಲ ಒಳ್ಳೆಯದೇ ಇರುತ್ತದೆ. ಆದರೆ ಅವು ಒಂದನ್ನೊಂದು ಮುಟ್ಟಿಯೇ ಇಲ್ಲವಲ್ಲ! ಓವನ್‌ನಿಂದ ನೇರ ಮೇಜಿಗೆ ತಂದು, ಚೀಸ್ ಎಳೆ ಎಳೆಯಾಗಿ ಎಳೆದು ವಿಡಿಯೊ ಮಾಡುವವರಿಗೂ ಇದೇ ಮಾತು. ಅಮೆರಿಕದಲ್ಲಿ ಬ್ರೆಡ್ ಪುಡಿ ಹಚ್ಚಿ ಕರಿದು ಸ್ಯಾಂಡ್‌ವಿಚ್ ಒಳಗೆ ತುಂಬುತ್ತಾರೆ, ಅದು ಬೇರೆಯೇ ತಿಂಡಿ ಆಗಿ ಬೆಳೆದಿದೆ, ಬಿಡಿ.

ಹಾಗಂತ ಹಳೆಯದೆಲ್ಲ ಕಲ್ಲಿನ ಮೇಲೆ ಬರೆದದ್ದು ಅಂತ ನಾನು ಹೇಳುತ್ತಿಲ್ಲ. ನೇಪಲ್ಸ್‌ನ ಅಡುಗೆ ಪುಸ್ತಕದ ಲೇಖಕ ಇಪೊಲಿಟೊ ಕವಲ್ಕಾಂತಿ 19ನೇ ಶತಮಾನದ ಮೊದಲರ್ಧದಲ್ಲಿ ಬರೆದ ವಿಧಾನದಲ್ಲಿ ಕರಿದ ಬದನೆ, ಚೀಸ್, ಬೆಸಿಲ್ ಪದರ ಪದರವಾಗಿ ಇವೆ, ಆದರೆ ಟೊಮೆಟೊ ಸಾಸ್ ಇಲ್ಲವೇ ಮಾಂಸದ ರಸ, ಯಾವುದಾದರೂ ಆದೀತು ಅಂತಿದೆ. ಸಿಸಿಲಿಯಲ್ಲಿ ಮೊಜರೆಲ್ಲಾ ಬಿಟ್ಟು ಕಾಚೊಕವಾಲ್ಲೊ ಅನ್ನುವ ಚೀಸ್ ಹಾಕುವವರಿದ್ದಾರೆ. ಕಲಾಬ್ರಿಯಾ, ಪುಲಿಯಾ ಕಡೆ ಬೇಯಿಸಿದ ಮೊಟ್ಟೆ, ಸಣ್ಣ ಮಾಂಸದುಂಡೆ, ಮೊರ್ತದೆಲ್ಲಾ ಅನ್ನುವ ಹಂದಿಮಾಂಸದ ಸಾಸೇಜ್ ಕೂಡ ಒಳಗೆ ಸೇರುತ್ತವೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ತರಕಾರಿ ತಾನೇ ಅಂತ ತಿನ್ನುವ ಮೊದಲು ಒಂದು ಮಾತು ಕೇಳುವುದು ಒಳ್ಳೆಯದು.

ಇನ್ನೊಂದು ವಿಷಯ ನಮ್ಮ ಸಸ್ಯಾಹಾರಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಪಾರ್ಮಿಜಾನೊ ರೆಜಾನೊ ಅಂತ ಮಾರಬೇಕಾದರೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಲೇಬೇಕು, ನಿಯಮವೇ ಹಾಗಿದೆ. ನಾನು ಮನೆಯಲ್ಲಿ ಮಾಡುವಾಗ 'ಕಾಲ್ಯೊ ವೆಜೆತಾಲೆ' (ಸಸ್ಯಮೂಲದ ರೆನೆಟ್) ಅಂತ ಬರೆದಿರುವ ಬೇರೆ ಗಟ್ಟಿ ಚೀಸ್ ತುರಿದು ಹಾಕುತ್ತೇನೆ. ಮೊಜರೆಲ್ಲಾದ ಲೇಬಲ್ ಕೂಡ ಓದಿಯೇ ಕೊಳ್ಳುತ್ತೇನೆ. ರುಚಿಯಲ್ಲಿ ಸ್ವಲ್ಪ ವ್ಯತ್ಯಾಸ ಆಗುತ್ತದೆ, ನಿಜ. ಅಜ್ಜಿ ತಿಂದು ನೋಡಿ ಚೀಸ್ ವಿಷಯ ಏನೂ ಹೇಳಲಿಲ್ಲ, ಎಷ್ಟು ಹೊತ್ತು ಇಟ್ಟಿದ್ದೆ ಅಂತ ಮಾತ್ರ ಕೇಳಿದರು.

ಟ್ಯೂರಿನ್‌ಗೋ ನೇಪಲ್ಸ್‌ಗೋ ಬಂದಾಗ ಇದನ್ನು ತಿನ್ನಬೇಕು ಅನಿಸಿದರೆ ಟ್ರಾತ್ತೊರಿಯಾ ಅನ್ನುವ ಸಾದಾ ಹೋಟೆಲ್‌ಗಳಲ್ಲಿ, ಇಲ್ಲವೇ ಸಿದ್ಧ ಅಡುಗೆ ತೂಕಕ್ಕೆ ಮಾರುವ ಗ್ಯಾಸ್ಟ್ರೊನೊಮಿಯಾ ಅಂಗಡಿಗಳಲ್ಲಿ ನೋಡಿ. ನಿನ್ನೆ ಮಾಡಿದ್ದು ಇದೆಯಾ ಅಂತ ಸಂಕೋಚ ಬಿಟ್ಟು ಕೇಳಿ. ಇದೆ ಅಂದರೆ, ಬಿಸಿ ಮಾಡಬೇಡಿ ಅಂತಲೂ ಹೇಳಿ.